ಕಸ್ತೂರೆವ್ವನ ಬೆರಳು

ಬೆಟಗೇರಿಯ ನೇಕಾರ ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಮೊದಲ ಕರೆ ಕಸ್ತೂರೆವ್ವನಿಗೆ ಹೋಗುತ್ತಿತ್ತು. ಹುಟ್ಟಿದ ಕೂಸಿಗೆ ಮೊದಲ ಜೇನು ಯಾರು ನೆಕ್ಕಿಸುತ್ತಾರೋ ಅವರ ಗುಣವೇ ಅದಕ್ಕೆ ಬರುತ್ತದೆ ಎಂಬ ನಂಬಿಕೆ ಅಲ್ಲಿಯದು. ದೊಡ್ಡದಾದ ಮೇಲೆ ಅದು ಹಟ ಹಿಡಿದು ನೆಲಕ್ಕೆ ಬಿದ್ದು ಕಾಲು ಬಡಿದರೆ, "ಇದಕ್ಕ ಜೇನ ನೆಕ್ಕಿಸಿದಾಕಿ ಯಾರವಾ?" ಎಂದು ಓಣಿಯೇ ವಿಚಾರಣೆಗೆ ನಿಲ್ಲುತ್ತಿತ್ತು. ಕಸ್ತೂರೆವ್ವನ ಬೆರಳಿಗೆ ಮಾತ್ರ ಅಂಥ ಅಪವಾದ ತಟ್ಟಿರಲಿಲ್ಲ. ಹನ್ನೆರಡನೇ ವಯಸ್ಸಿನಿಂದ ರಾಟಿಯ ಮುಂದೆ ಕೂತು ಮಗ್ಗದ ಕಂಡಿಕೆಗೆ ನೂಲು ಸುತ್ತಿದವಳು ಅವಳು. ಎಳೆ ನೂರು ಸಲ ಹರಿದರೆ ನೂರು ಸಲ ಹಚ್ಚುವಳೇ ಹೊರತು ಒಂದು ಸಲವೂ ಬೈದವಳಲ್ಲ. ತಾಯಿಯಿಲ್ಲದ ಮೊಮ್ಮಗಳು ಅಂಕಿತಾಳನ್ನು ಆ ರಾಟಿಯ ದುಡಿಮೆಯಲ್ಲೇ ಸಾಕಿ, ಡಿಗ್ರಿ ಓದಿಸಿ, ಶಿಗ್ಲಿಯ ಅಜಯಕುಮಾರನಿಗೆ ಕೊಟ್ಟಿದ್ದಳು. ಅಂಥ ತಾಳ್ಮೆಯ ಹೆಂಗಸಿಗೂ ಒಂದು ಜಂಬವಿತ್ತು, ಆ ಬೆರಳಿನದು. ಇದುವರೆಗೆ ಅರವತ್ತೆಂಟು ಕೂಸು ಎಂದು ಕೇಳದಿದ್ದವರಿಗೂ ಹೇಳುತ್ತಿದ್ದಳು.

ಈ ಸಲದ ಜೂನಿನಲ್ಲಿ ಅಂಕಿತಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಗದಗಿನ ಒಂದು ಆಸ್ಪತ್ರೆಯಲ್ಲಿ ಬೆಳಗಿನ ಎಂಟಕ್ಕೆ ಗಂಡು ಕೂಸು ಹುಟ್ಟಿತು. "ತಾಯಿ ಹಾಲ ಬಿಟ್ಟು ಹನಿ ನೀರೂ ಹಾಕಬ್ಯಾಡ್ರಿ" ಎಂದು ನರ್ಸು ಎಚ್ಚರಿಸಿ, ಕೂಸನ್ನು ಕಸ್ತೂರೆವ್ವನ ಮಡಿಲಿಗೆ ಹಾಕಿ ಒಳಗೆ ಹೋದಳು. ಅಂಕಿತಾ ಇನ್ನೂ ಹೆರಿಗೆ ಕೋಣೆಯಲ್ಲೇ ಇದ್ದಳು.

ಕೂಸು ಬಾಯಲ್ಲಿ ಗುಳ್ಳೆ ಬಿಡತೊಡಗಿತು. ಸಣ್ಣ ಸಣ್ಣ ಬಿಳಿ ನೊರೆ. ಕಸ್ತೂರೆವ್ವ ಸೆರಗಿನಿಂದ ಒರೆಸಿದಳು. ಮತ್ತೆ ಬಂತು.

"ನೋಡ್ರಿ, ಗುಳ್ಳಿ ಬಿಡಾಕ ಹತ್ಯಾನ! ಮಳಿ ಬರತೈತಿ" ಎಂದು ಅಜಯಕುಮಾರನ ತಾಯಿ, ಬೀಗಿತ್ತಿ ಬನಶಂಕರೆವ್ವ ಚಪ್ಪಾಳೆ ತಟ್ಟಿದಳು. ಕೂಸು ಗುಳ್ಳೆ ಊದಿದರೆ ಮಳೆ ಎಂದು ಹಿರಿಯರು ಹೇಳಿದ್ದನ್ನು ಯಾರು ತಾನೇ ಕೇಳಿಲ್ಲ? ಶಿಗ್ಲಿಯಲ್ಲಿ ಅವಳ ಹೊಲ ಹೆಸರುಕಾಳಿನ ಬಿತ್ತನೆಗೆ ಹಸನಾಗಿ ಮಳೆಯ ದಾರಿ ಕಾಯುತ್ತಿತ್ತು. ಕಸ್ತೂರೆವ್ವನೂ ನಕ್ಕಳು. ತಿಂಗಳು ತುಂಬಿದ ಕೂಸು ಆಟಕ್ಕೆ ಊದುವ ಗುಳ್ಳೆಯೇ ಬೇರೆ, ಹುಟ್ಟಿ ಅರ್ಧ ತಾಸೂ ಆಗದ ಕೂಸಿನ ಬಾಯಿಗೆ ಉಕ್ಕಿ ಬರುವ ನೊರೆಯೇ ಬೇರೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಬನಶಂಕರೆವ್ವ ಚೀಲದಿಂದ ಜೇನಿನ ಶೀಶೆ ತೆಗೆದಳು.

"ನರ್ಸಬಾಯಾರು ಬ್ಯಾಡ ಅಂದಾರಲ್ರಿ" ಎಂದಳು ಕಸ್ತೂರೆವ್ವ.

"ಊರ ಕೂಸಿಗೆಲ್ಲಾ ನೆಕ್ಕಿಸೀರಿ, ಯಾವದಕ್ಕರ ಏನರ ಆಗೇತೇನ್ರಿ? ನಿಮ್ಮ ಸ್ವಂತ ಮರಿಮೊಮ್ಮಗಗ ಇಲ್ಲಾಂದ್ರ ಹ್ಯಾಂಗ?"

ಮಾತು ಜಂಬಕ್ಕೆ ನೇರವಾಗಿ ತಾಗಿತು. ಕಸ್ತೂರೆವ್ವ ಬೆರಳು ಅದ್ದಿ ಕೂಸಿನ ನಾಲಿಗೆಗೆ ಹಚ್ಚಿದಳು. ಒಮ್ಮೆ ಅಲ್ಲ, ಎರಡು ಸಲ.

ಕೂಸು ಕೆಮ್ಮಿತು. ಉಸಿರು ಕಟ್ಟಿತು. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಕಸ್ತೂರೆವ್ವ ಕಿರುಚಿದ್ದಕ್ಕೆ ಓಡಿ ಬಂದ ನರ್ಸು ಕೂಸನ್ನು ಕಸಿದುಕೊಂಡು ಹೋಗಿ, ನಳಿಕೆಯಿಂದ ಬಾಯಿ ಗಂಟಲು ಹೀರಿ ತೆಗೆದ ಮೇಲೆ ಅದು ಅತ್ತಿತು. ಬನಶಂಕರೆವ್ವ ಶೀಶೆಯನ್ನು ಆಗಲೇ ಚೀಲಕ್ಕೆ ಸೇರಿಸಿದ್ದಳು.

ಹೊಟ್ಟೆಗೆಂದು ಡಾಕ್ಟರು ಇಳಿಸಿದ ತೆಳು ನಳಿಕೆ ಎದೆಯ ಹತ್ತಿರವೇ ತಡೆದು ನಿಂತಿತು. ಎಕ್ಸ್‌ರೇಯಲ್ಲಿ ಅದು ಸುರುಳಿ ಸುತ್ತಿಕೊಂಡಿದ್ದು ಕಂಡಿತು. ಡಾಕ್ಟರು ಎಲ್ಲರನ್ನೂ ಅಂಕಿತಾಳ ಮಂಚದ ಬಳಿ ಕರೆದು ಹೇಳಿದರು: "ಅನ್ನನಾಳ ನಡುವೆ ಕಡಿದಿದೆ. ಮೇಲಿನ ತುಂಡಿನ ತುದಿ ಮುಚ್ಚಿದೆ, ಕೆಳಗಿನದು ಹೋಗಿ ಶ್ವಾಸನಾಳಕ್ಕೆ ಕೂಡಿದೆ. ತನ್ನ ಉಗುಳನ್ನೂ ಇದು ನುಂಗಲಾರದು. ಆಪರೇಶನ್ ಆಗಲೇಬೇಕು, ಈಗಲೇ ಹುಬ್ಬಳ್ಳಿಗೆ ಒಯ್ಯಿರಿ. ಬಾಯಿಗೆ ಏನಾದರೂ ಹಾಕಿದ್ದೀರಾ?"

"ಹನಿ ನೀರೂ ಇಲ್ರಿ" ಎಂದಳು ಬನಶಂಕರೆವ್ವ. ಡಾಕ್ಟರು ಬೆನ್ನು ತಿರುಗಿಸಿದ್ದೇ ತಡ ಸೊಸೆಯ ಕಡೆ ಹೊರಳಿದಳು. "ಗ್ರಹಣದಾಗ ಹೊರಗ ಬಂದಿದ್ದೀ ಹೌದಲ್ಲೊ? ಅದಕ್ಕ ಹಿಂಗ ಆಗೇತಿ."

ಅಂಕಿತಾ ಗೋಡೆಗೆ ಮುಖ ಮಾಡಿ ಅಳತೊಡಗಿದಳು. ಕಸ್ತೂರೆವ್ವ ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಬಾಯಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಇಂಥ ಹೊತ್ತಿನಲ್ಲಿ ಹೆಸರಿನ ಚಿಂತೆ ಮಾಡುವುದೇ ಎಂದು ನಾವು ನೀವು ಕೇಳಬಹುದು. ಆದರೆ ಅವಳ ಹತ್ತಿರ ಹೆಸರು ಬಿಟ್ಟರೆ ಬೇರೆ ಇದ್ದದ್ದಾದರೂ ಏನು?

ಅಂಕಿತಾ ಗದಗಿನಲ್ಲೇ ಉಳಿದಳು; ಆಂಬುಲೆನ್ಸಿನಲ್ಲಿ ಬೀಗಿತ್ತಿಯ ಪಕ್ಕ ಕಸ್ತೂರೆವ್ವ ಕೂಸಿನ ತಲೆ ಎತ್ತರವಾಗಿ ಹಿಡಿದು ಕೂತಳು. ಐದೈದು ನಿಮಿಷಕ್ಕೊಮ್ಮೆ ನರ್ಸು ನೊರೆ ಹೀರಿ ತೆಗೆಯುತ್ತಿದ್ದಳು. ಅಣ್ಣಿಗೇರಿ ದಾಟುವುದರೊಳಗೆ ತುಟಿ ಎರಡು ಸಲ ಕಪ್ಪಿಟ್ಟಿತು. ಪ್ರತಿ ಸಲ ಅಜಯಕುಮಾರ, "ಉಸರ ಐತೇನ್ರಿ? ಐತೇನ್ರಿ?" ಎಂದು ಮುಂದಿನ ಸೀಟಿನಿಂದ ಕೂಗುತ್ತಿದ್ದ. ಕಸ್ತೂರೆವ್ವ ಕೂಸಿನ ಎದೆಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದಳು.

ಹುಬ್ಬಳ್ಳಿಯಲ್ಲಿ ಆಪರೇಶನ್ ಮಾಡುವ ಡಾಕ್ಟರು ಹೊಸ ಎಕ್ಸ್‌ರೇ ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದರು. "ಬಲ ಪುಪ್ಪುಸದ ಮ್ಯಾಲ ಬೆಳ್ಳಗ ಕಾಣತೈತಿ. ಬರೇ ಉಗುಳಿಂದ ಆಗಿದ್ರ ಇವತ್ತ ಕೈ ಹಚ್ಚತೀನಿ. ಬ್ಯಾರೆ ಏನರ ಇಳದಿದ್ರ ಮೊದಲ ಅದನ್ನ ತೊಳದ ತಗೀಬೇಕು. ಇಲ್ಲಾಂದ್ರ ಮೇಜಿನ ಮ್ಯಾಲ ಉಸರ ನಿಲ್ಲಬಹುದು. ಖರೆ ಹೇಳ್ರಿ, ಏನರ ಕೊಟ್ಟೀರೇನು?"

ಬನಶಂಕರೆವ್ವ ಹಿಂದಿನಿಂದ ತೋಳು ಚಿವುಟಿದಳು.

"ಕೊಟ್ಟೇವ್ರಿ" ಎಂದ ಕಸ್ತೂರೆವ್ವ ತಡೆದಳು. "ಕೊಟ್ಟೇವ ಅಲ್ರಿ, ನಾನ ಕೊಟ್ಟೇನಿ. ಜೇನು. ಎರಡ ಸಲ ನೆಕ್ಕಿಸೇನಿ."

"ಗದಗಿನ್ಯಾಗ ಯಾಕ ಹೇಳಲಿಲ್ಲ?"

"ಹೆಸರ ಹೋಗತೈತಿ ಅಂತ್ರಿ."

ಅಜಯಕುಮಾರ ಮೊದಲು ಅವಳನ್ನು ನೋಡಿದ, ಆಮೇಲೆ ತಾಯಿಯ ಚೀಲವನ್ನು ನೋಡಿದ. ಡಾಕ್ಟರು ಬೈಯಬೇಕಾದಷ್ಟು ಬೈದರು. ಅನ್ನನಾಳ ಹೀಗಾದದ್ದು ಬಸಿರಿನ ಎರಡನೇ ತಿಂಗಳಲ್ಲೇ, ಅದಕ್ಕೆ ಯಾರೂ ಹೊಣೆಯಲ್ಲ, ಆದರೆ ಪುಪ್ಪುಸದ ಜೇನಿಗೆ ಮಾತ್ರ ನೀವೇ ಹೊಣೆ ಎಂದರು. ಕಸ್ತೂರೆವ್ವ ಅಷ್ಟನ್ನೂ ತಲೆಬಾಗಿ ಕೇಳಿ, ಬೀಗಿತ್ತಿಗೆ, "ಕೇಳಿದ್ರಿಲ್ಲ? ಗ್ರಹಣದ ಮಾತ ಇನ್ನ ನನ್ನ ಹುಡಿಗಿ ಮುಂದ ಎತ್ತಬ್ಯಾಡ್ರಿ" ಎಂದಳು. ಆಮೇಲೆ ಡಾಕ್ಟರನ್ನು ಕೇಳಿದಳು:

"ಎರಡ ತುದಿ ನಡಕ ಅಂತರ ಎಷ್ಟೈತ್ರಿ? ಎಳದ ಗಂಟ ಹಾಕಿದ್ರ ಹರಿತೈತ್ರಿ."

ಡಾಕ್ಟರು ಎಕ್ಸ್‌ರೇ ಕೆಳಗಿಟ್ಟರು. "ನಮಗೂ ಅದ ಅಂಜಿಕಿ, ಅಜ್ಜಿ. ತಗದ ನೋಡಿದಾಗ ಗೊತ್ತಾಕ್ಕೈತಿ."

ಅಂದು ಪುಪ್ಪುಸ ತೊಳೆದರು. ಮರುದಿನ ಮಧ್ಯಾಹ್ನ ನಾಲ್ಕು ತಾಸು ಆಪರೇಶನ್ ನಡೆಯಿತು. ಅಂತರ ಬೆರಳಗಲವೂ ಇರಲಿಲ್ಲ. ಹೊಲಿಗೆ ತಡೆಯುತ್ತದೋ ಸೋರುತ್ತದೋ ವಾರದ ಮೇಲೆಯೇ ತಿಳಿಯುವುದು ಎಂದರು ಡಾಕ್ಟರು.

ಮೂರನೆಯ ದಿನ ಅಂಕಿತಾ ಬಂದಳು. ಗಂಡ ಎಲ್ಲ ಹೇಳಿದ್ದ. ಅಜ್ಜಿ ಬುತ್ತಿ ಬಿಚ್ಚಿಟ್ಟರೆ ಉಂಡಳು, ನೀರು ಕೊಟ್ಟರೆ ಕುಡಿದಳು, ಮಾತು ಮಾತ್ರ ಒಂದೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕಸ್ತೂರೆವ್ವ ಹೊರಗಿನ ಬೆಂಚಿನಲ್ಲಿ ಕೂತು ದಿನ ದೂಡಿದಳು. ಕೂಸಿಗೆ ಏನಾದರೂ ಆದರೆ ಬೆಟಗೇರಿಗೆ ತಿರುಗಿ ಹೋಗುವುದಿಲ್ಲ ಎಂದುಕೊಂಡಳು.

ಒಂಬತ್ತನೆಯ ದಿನ ಬಣ್ಣದ ಔಷಧ ಹಾಕಿ ಎಕ್ಸ್‌ರೇ ತೆಗೆದರು. ಹೊಲಿಗೆ ಸೋರಿರಲಿಲ್ಲ. ನರ್ಸು ತಾಯಿಯ ಹಾಲನ್ನು ಚಮಚೆಯಲ್ಲಿ ಹಿಡಿದು ಬಂದಳು. ಅಂಕಿತಾ ಕೂಸನ್ನು ಎದೆಗೆ ಒರಗಿಸಿಕೊಂಡಳು. ತಟ್ಟನೆ ಬಾಗಿಲ ಕಡೆ ತಿರುಗಿ ಅಜ್ಜಿಯನ್ನು ಕೂಗಿದಳು.

"ಆಯಿ, ಕೈ ತೊಳಕೊಂಡ ಬಾ."

ಕಸ್ತೂರೆವ್ವ ಮೊಣಕೈವರೆಗೆ ತೊಳೆದುಕೊಂಡು ಬಂದು ನಿಂತಳು.

"ನನಗ ನೋಡಾಕ ಆಗಂಗಿಲ್ಲ. ನೀನ ನೋಡು" ಎಂದು ಅಂಕಿತಾ ಕಣ್ಣು ಮುಚ್ಚಿದಳು. "ಏನ ಆದರೂ ಖರೆ ಹೇಳು."

ನರ್ಸು ಚಮಚೆ ಬಾಗಿಸಿದಳು. ಹಾಲು ನಾಲಿಗೆಯ ಮೇಲೆ ನಿಂತಿತು. ಗಂಟಲು ಒಮ್ಮೆ ಅಲುಗಿತು. ಕಸ್ತೂರೆವ್ವ ತುಟಿಯ ಬಣ್ಣ ನೋಡಿದಳು. ಎದೆ ಏರಿ ಇಳಿಯುವುದನ್ನು ನೋಡಿದಳು. ಕೆಮ್ಮು ಬರುತ್ತದೇನೋ ಎಂದು ಕಾದಳು, ಇನ್ನೂ ಕಾದಳು.

"ಆಯಿ?"

"ನುಂಗಿದ, ನಮ್ಮವ್ವಾ" ಎಂದಳು. "ಖರೇನ ನುಂಗಿದ."

ಅಂಕಿತಾ ಕಣ್ಣು ತೆರೆದಳು.