ಗಾಲಿಮನೆಯ ಕಿಂಡಿಗಳು

ಆ ವರ್ಷ ನಾನು ದಿನಾ ಮಧ್ಯಾಹ್ನ ಒಂದೂವರೆಗೆ ಮನೆಗೆ ಫೋನ್ ಮಾಡುತ್ತಿದ್ದೆ. ತಿರುವನಂತಪುರದ ಉಳ್ಳೂರಿನಲ್ಲಿ ನನ್ನ ಬ್ಯಾಂಕು, ಎರಡು ಬೀದಿ ದಾಟಿದರೆ ಬಾಡಿಗೆ ಮನೆ, ಅದರ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ ನನ್ನ ಗಂಡ. ಕೊಚ್ಚಿಯ ಐಟಿ ಪಾರ್ಕಿನಲ್ಲಿ ಹದಿನಾಲ್ಕು ವರ್ಷ ದುಡಿದ ಇವರನ್ನು ಕಂಪನಿಯವರು ಒಂದೇ ವಿಡಿಯೋ ಕಾಲಿನಲ್ಲಿ ಕೆಲಸದಿಂದ ತೆಗೆದಿದ್ದರು. ಅಲ್ಲಿಯವರೆಗೆ ಅವರು ಅಲ್ಲಿ, ನಾನು ಇಲ್ಲಿ, ನಮ್ಮದು ಶನಿವಾರದ ರೈಲಿನ ಸಂಸಾರ. ಒಂದೇ ಊರಲ್ಲಿ ಇರುವಂತಾಗಲಿ ಎಂದು ಹರಕೆ ಹೊತ್ತವಳು ನಾನೇ. ಹರಕೆ ಈ ರೀತಿ ಈಡೇರಿತು.

ನಾಲ್ಕು ತಿಂಗಳು ಇವರು ಹಾಸಿಗೆ ಬಿಡಲಿಲ್ಲ. ಫೋನ್ ಎತ್ತಿ "ಹೂಂ" ಎನ್ನುವವರೆಗೆ ನನ್ನ ಜೀವ ಬಾಯಿಗೆ ಬಂದಿರುತ್ತಿತ್ತು. ತಮಗೆ ತಾವೇ ಏನಾದರೂ ಮಾಡಿಕೊಂಡಾರೆಂಬ ಹೆದರಿಕೆ ನನಗೆ. ಅದನ್ನು ಯಾರ ಮುಂದೆಯೂ ಹೇಳಿರಲಿಲ್ಲ. ಕೌಂಟರಿನ ಮುಂದೆ ನಿಂತವರಿಗೆ ನಗುತ್ತ ಪಾಸ್‌ಬುಕ್ ಕೊಡುತ್ತಿದ್ದೆ.

ಫೋರ್ಟ್ ಕೊಚ್ಚಿಯಲ್ಲಿ ಇವರಿದ್ದ ಕೋಣೆಯನ್ನು ಖಾಲಿ ಮಾಡಲು ಕೊನೆಗೆ ಬಲವಂತದಿಂದ ಎಬ್ಬಿಸಿಕೊಂಡು ಹೋದೆ. ಪಕ್ಕದ ಹೋಂಸ್ಟೇಯ ಹಿತ್ತಲಿನಲ್ಲಿ ಒಂದು ಗಾಲಿಮನೆ ನಿಂತಿತ್ತು. ಕಬ್ಬಿಣದ ಚೌಕಟ್ಟು, ತಗಡಿನ ಗೋಡೆ, ಎರಡು ಪುಟ್ಟ ಕೋಣೆ, ಕೆಳಗೆ ನಾಲ್ಕು ಚಕ್ರ. ಹಿಂದೆ ಪ್ರವಾಸಿಗರನ್ನು ಅದರಲ್ಲಿ ಮಲಗಿಸುತ್ತಿದ್ದರಂತೆ, ಈಗ ಕೋಳಿಗಳಿದ್ದವು. ಇವರು ಒಳಹೊಕ್ಕು ನೆಲವನ್ನು ಬೆರಳಿನಿಂದ ಬಡಿದು ನೋಡಿದರು.

"ಚೌಕಟ್ಟು ಗಟ್ಟಿ ಐತಿ. ಚಂದಗ ಮಾಡಿ ಮಾರಬಹುದಲ್ಲ?"

ನಾಲ್ಕು ತಿಂಗಳಲ್ಲಿ ಇವರ ಬಾಯಿಂದ ಬಂದ ಮೊದಲ ಪೂರ್ತಿ ಮಾತು ಅದು. ಬೆಲೆ ಎಷ್ಟೆಂದು ಕೇಳುವ ಮೊದಲೇ ನಾನು ಹೂಂ ಅಂದುಬಿಟ್ಟೆ. ಕೋಳಿಗಳನ್ನೂ ಸೇರಿಸಿ ಕೊಡುತ್ತೇವೆ ಎಂದಿದ್ದರೂ ಅನ್ನುತ್ತಿದ್ದೆ.

ಲಾರಿಯ ಮೇಲೆ ಹೇರಿಸಿ ವಿಳಿಂಜಂ ಹತ್ತಿರದ ಒಂದು ತೆಂಗಿನ ತೋಟಕ್ಕೆ ತಂದು ಇಳಿಸಿದೆವು. ಮರುದಿನದಿಂದ ಇವರು ಬೆಳಗ್ಗೆ ಆರಕ್ಕೆ ಏಳತೊಡಗಿದರು. ತುಕ್ಕು ಕೆರೆದರು, ಹೊಸ ಪ್ಲೈವುಡ್ ಹಾಸಿದರು, ಗೋಡೆಗೆ ಮಡಚುವ ಮೇಜು ಕೂಡಿಸಿದರು. ನಾನು ಭಾನುವಾರ ಮತ್ತು ರಜೆಯ ದಿನ ಹೋಗಿ ಬಣ್ಣ ಬಳಿಯುತ್ತಿದ್ದೆ. ಇವರ ಉಗುರಿನ ಸಂದಿಯಲ್ಲಿ ಗ್ರೀಸ್ ಕಂಡರೆ ನನಗೆ ಹಬ್ಬ. ಮಧ್ಯಾಹ್ನ ಫೋನ್ ಎತ್ತಿದರೆ "ಆಮ್ಯಾಲ ಮಾಡು, ಕೈ ಹೊಲಸಾಗ್ಯಾವ" ಎಂದು ಬೈಯುತ್ತಿದ್ದರು. ಬೈಸಿಕೊಂಡು ನಾನು ನೆಮ್ಮದಿಯಾಗಿ ಡಬ್ಬಿ ಬಿಚ್ಚುತ್ತಿದ್ದೆ.

ಈಗ ನನ್ನ ತಪ್ಪು ಹೇಳಬೇಕು. ಸಹಾಯಕ್ಕೆ ಬರುತ್ತಿದ್ದ ಅಲ್ಲಿಯ ವಯಸ್ಸಾದ ಬಡಗಿ ಗೋಡೆಯ ಮೇಲಂಚಿಗೆ ಸುತ್ತಲೂ ಕಿಂಡಿ ಕೊರೆದು ಬಲೆ ಬಡಿದಿದ್ದ. ನಾವು ವಿಜಯಪುರದ ಕಡೆಯವರು. ನಮ್ಮಲ್ಲಿ ಬೇಸಿಗೆ ಬಂತೆಂದರೆ ಕಿಟಕಿಯ ಸಂದಿಗೆಲ್ಲ ಹಳೆ ಸೀರೆಯ ಚೂರು ತುರುಕುತ್ತಾರೆ. ಅತ್ತೆಯಂದಿರು ಕಪಾಟಿನ ಮೇಲೆ ಬೆರಳಾಡಿಸಿ ಸೊಸೆಯ ಯೋಗ್ಯತೆ ಅಳೆಯುತ್ತಾರೆ. ಕಿಂಡಿ ಕಂಡರೆ ನನ್ನ ಕಣ್ಣಿಗೆ ಧೂಳೇ ಕಾಣುವುದು.

"ಇಷ್ಟು ಕಿಂಡಿ ಬಿಟ್ರ ಮನಿ ತುಂಬ ಧೂಳ ಆಗತೈತ್ರಿ. ಎಲ್ಲಾ ಮುಚ್ಚಿಬಿಡ್ರಿ," ಎಂದು ಇವರಿಗೆ ಹೇಳಿದೆ.

ಬಡಗಿ ಕೈ ಅಡ್ಡ ತಂದ. "ಚೇಚೀ, ಅಡಕ್ಕರುದ್. ಕಾಟ್ಟು ವೇಣಂ." ಮುಚ್ಚಬೇಡಿ ಅಕ್ಕಾ, ಗಾಳಿ ಬೇಕು ಎಂದು.

"ಮಾಡಿದ್ದನ್ನ ಮತ್ತ ಮಾಡೂದು ಬ್ಯಾಸರ ಈ ಅಜ್ಜಗ," ಎಂದು ನಾನು ಕನ್ನಡದಲ್ಲಿ ಗೊಣಗಿದೆ. ಇವರು ನಕ್ಕರು. ಪ್ರತಿ ಕಿಂಡಿಗೂ ಸ್ಪಂಜು ತುಂಬಿ, ಮೇಲೆ ತಗಡಿಟ್ಟು ಸ್ಕ್ರೂ ಬಿಗಿದು, ಅಂಚಿಗೆ ಅಂಟು ಎಳೆದು ಎಷ್ಟು ಅಚ್ಚುಕಟ್ಟಾಗಿ ಮುಚ್ಚಿದರೆಂದರೆ ಇರುವೆಗೂ ದಾರಿ ಇರಲಿಲ್ಲ.

ಕೊಚ್ಚಿಯ ನಿವೃತ್ತ ದಂಪತಿ ಫೋಟೋ ನೋಡಿ ಒಪ್ಪಿದರು, ಬಂದು ಕಣ್ಣಾರೆ ನೋಡಿ ಒಯ್ಯುತ್ತೇವೆ ಎಂದರು. ಗಾಲಿಮನೆ ಕೊಳೆಯಾಗದಿರಲಿ ಎಂದು ಬೀಗ ಹಾಕಿದೆವು. ಅದೇ ಹೊತ್ತಿಗೆ ಮಳೆ ಹಿಡಿದು ಹನ್ನೆರಡು ದಿನ ಬಿಡಲಿಲ್ಲ. ಅವರು ಬರುವ ಬೆಳಗ್ಗೆ ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅವರೆದುರೇ ಬೀಗ ತೆಗೆದರು.

ವಾಸನೆ ಮೊದಲು ಹೊರಗೆ ಬಂತು. ಚಾವಣಿ ತುಂಬ ಹಸಿರು ಬೂಜು. ಹಾಸಿಗೆಯ ಮೇಲೆ ಬೂಜು, ನಾನು ಹೊಲಿದ ಪರದೆಯ ಮೇಲೆ ಬೂಜು. ಪ್ಲೈವುಡ್ ಉಬ್ಬಿ ಮೇಜು ಬಿಚ್ಚಲೇ ಇಲ್ಲ, ಇವರು ಎಳೆದರು, ಮತ್ತೆ ಎಳೆದರು. ಆ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು "ಪರವಾಗಿಲ್ಲ ಮೋನೇ" ಎಂದರು. ಇವರನ್ನು ಮಗನೇ ಎಂದು ಕರೆದರು. ಅದಕ್ಕಿಂತ ಬೈದಿದ್ದರೆ ಒಳ್ಳೆಯದಿತ್ತು. ಗಂಡಹೆಂಡತಿ ಇಬ್ಬರೂ ಕಾರು ಹತ್ತಿ ಹೋದರು.

ಇವರು ಮನೆಗೆ ಬಂದು ಅಂಗಿಯನ್ನೂ ತೆಗೆಯದೆ ಗೋಡೆಗೆ ಮುಖ ಮಾಡಿ ಮಲಗಿದರು.

ಮೂರನೆಯ ದಿನಕ್ಕೆ ನಾನು ಹಾಸಿಗೆಯ ಅಂಚಿನಲ್ಲಿ ಕೂತು ಹೇಳಿದೆ. "ಕಿಂಡಿ ಮುಚ್ಚಂದಾಕಿ ನಾನ್ರೀ. ನಿಮ್ಮ ಕೆಲಸದಾಗ ಏನೂ ತಪ್ಪಿಲ್ಲ. ಬೈರಿ ನನಗ." ಬೈಯಲಿಲ್ಲ. ಕಾಲು ಹಿಡಿದುಕೊಂಡು ಅತ್ತುಬಿಟ್ಟೆ, ಕಾಲು ಎಳೆದುಕೊಂಡರಷ್ಟೇ. ಇವರನ್ನು ಎಬ್ಬಿಸಿದ ಒಂದೇ ಒಂದು ವಸ್ತುವನ್ನು ನಾನೇ ಕೈಯಾರೆ ಕೊಳೆಸಿದ್ದೆ. ದೇವರ ಮೇಲೆ ಸಿಟ್ಟು ಬಂತು, ಮಳೆಯ ಮೇಲೆ ಬಂತು, ಬೆರಳಾಡಿಸಿ ನೋಡುತ್ತಿದ್ದ ನನ್ನ ಅತ್ತೆಯ ಮೇಲೂ ಬಂತು.

ಮರುದಿನ ಬ್ಯಾಂಕಿಗೆ ರಜೆ ಹಾಕಿ, "ಕಿಂಡಿ ತಗ್ಯಾಕ ಹೊಂಟೀನಿ" ಎಂದು ಇವರ ಬೆನ್ನಿಗೆ ಹೇಳಿ ವಿಳಿಂಜಂಗೆ ಹೋದೆ. ಸ್ಟೂಲ್ ಹತ್ತಿ ಸ್ಕ್ರೂಡ್ರೈವರಿನಿಂದ ತಗಡು ಕೀಳಲು ನೋಡಿದೆ. ಸ್ಕ್ರೂಗಳಿಗೆ ಉಪ್ಪುಗಾಳಿಯ ತುಕ್ಕು ಹಿಡಿದು ತಲೆ ಸವೆದಿತ್ತು. ಇವರು ಅಷ್ಟು ಬಿಗಿಯಾಗಿ ಕೂಡಿಸಿದ್ದರು, ಒಂದೂ ಬರಲಿಲ್ಲ. ಅಂಗೈ ಕಿತ್ತು ರಕ್ತ ಬಂತು.

ಒಂದೂವರೆಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಹನ್ನೊಂದು ಸಲ ಮಾಡಿದೆ. ಬೂಜು ಹಿಡಿದ ಹಾಸಿಗೆಯ ಮೇಲೆಯೇ ಕೂತು ಫೋನಿನಲ್ಲಿ ನಂಬರುಗಳನ್ನು ಹುಡುಕಿದೆ. ಪಕ್ಕದ ಮನೆಯವರ ನಂಬರ್ ಕೂಡ ನನ್ನ ಬಳಿ ಇರಲಿಲ್ಲ. ಯಾರಿಗೂ ಏನೂ ತಿಳಿಯಬಾರದೆಂದು ನಾನೇ ಯಾರನ್ನೂ ಹತ್ತಿರ ಸೇರಿಸಿರಲಿಲ್ಲ. ಆಟೋ ಹಿಡಿಯಲು ಬರಿಗಾಲಲ್ಲಿ ಹೊರಗೆ ಓಡಿದೆ.

ತೆಂಗಿನ ಮರಗಳ ನಡುವೆ ಇವರು ನಡೆದು ಬರುತ್ತಿದ್ದರು. ಅದೇ ಮುದುರಿದ ಅಂಗಿ, ನಾಲ್ಕು ದಿನದ ಗಡ್ಡ.

"ಫೋನ್ ಯಾಕ ಎತ್ತಲಿಲ್ರೀ?" ಎಂದು ಊರಿಗೆಲ್ಲ ಕೇಳುವ ಹಾಗೆ ಕಿರುಚಿದೆ.

"ಮನ್ಯಾಗ ಮರತು ಬಂದೀನಿ," ಎಂದರು. ನನ್ನ ಅಂಗೈ ನೋಡಿದರು. ನನ್ನ ಕೈಯಲ್ಲೇ ಉಳಿದಿದ್ದ ಸ್ಕ್ರೂಡ್ರೈವರ್ ತೆಗೆದುಕೊಂಡರು. "ಹಿಂಗ ಬರೂದಿಲ್ಲ ಅವು. ಡ್ರಿಲ್ ಹಚ್ಚಬೇಕು."

ಸಂಜೆಯ ಹೊತ್ತಿಗೆ ಎಲ್ಲ ಕಿಂಡಿಗಳೂ ತೆರೆದಿದ್ದವು.

ಗಾಲಿಮನೆ ಇನ್ನೂ ಮಾರಾಟವಾಗಿಲ್ಲ. ಇವರು ಕೆಲವು ದಿನ ಆರಕ್ಕೆ ಏಳುತ್ತಾರೆ, ಕೆಲವು ದಿನ ಏಳುವುದಿಲ್ಲ. ನಾನು ಈಗಲೂ ಮಧ್ಯಾಹ್ನ ಒಂದೂವರೆಗೆ ಫೋನ್ ಮಾಡುತ್ತೇನೆ.