ಜುಂಜಪ್ಪನ ಹಾಲಿನ ಪಾಳಿ

ಜಗಳೂರಿನ ಗರಡಿ ಮನೆಗೆ ನಾನು ಹನ್ನೊಂದು ವರ್ಷ ಕಾರ್ಯದರ್ಶಿಯಾಗಿದ್ದೆ. ಹಾಗೆಂದು ನನಗೆ ಕುಸ್ತಿ ಗೊತ್ತಿತ್ತೆಂದು ಯಾರೂ ತಿಳಿಯಬಾರದು. ನನ್ನ ಮೈಕಟ್ಟು ನೋಡಿ ನಮ್ಮ ಮನೆಯ ಬೆಕ್ಕು ಕೂಡ ದಾರಿ ಬಿಡುತ್ತಿರಲಿಲ್ಲ. ಕರಪತ್ರ ಬರೆಯುವಷ್ಟು ಅಕ್ಷರ ಬರುತ್ತಿತ್ತು. ಆ ಅಕ್ಷರವೇ ಜುಂಜಪ್ಪನಿಗೆ ಮುಳುವಾಯಿತು.

ಜುಂಜಪ್ಪ ನಮ್ಮೂರಿನ ಕುರಿ ಕಾಯುವವನು. ಬೇಸಿಗೆ ಬಂದರೆ ಅವನ ಮನೆಯವರು ಮಂದೆ ಹೊಡೆದುಕೊಂಡು ಹೊನ್ನಾಳಿ ಕಡೆಯ ಗದ್ದೆಗಳಿಗೆ ಹೋಗುತ್ತಿದ್ದರು. ಕುರಿ ಮಲಗಿದ ಹೊಲಕ್ಕೆ ಗೊಬ್ಬರ, ಮಲಗಿಸಿದವರಿಗೆ ಕಾಳು. ೧೯೩೬ರಲ್ಲಿ ಹಾಗೆ ಹೋಗುವಾಗ ಚನ್ನಗಿರಿಯಲ್ಲಿ ಅಡಿಕೆ ವರ್ತಕರು ಇಟ್ಟಿದ್ದ ಕುಸ್ತಿ ನೋಡಲು ನಿಂತ. ಆಗ ಅವನಿಗೆ ಹದಿನೇಳು. ನಾವು ಅಲ್ಲಿಗೆ ಕರೆತಂದಿದ್ದ ಗರಡಿಯ ಪೈಲ್ವಾನನಿಗೆ ಅವತ್ತೇ ಜ್ವರ ಬಂದಿತ್ತು. ಗರಡಿಯ ಗುರು ಉಸ್ತಾದ್ ಅಂಜಿನಪ್ಪ ಸುತ್ತ ಕಣ್ಣಾಡಿಸಿ ಇವನನ್ನು ಹಿಡಿದ.

"ಇಳಿಯೋ. ಊರ ಹೆಸರು ಕೂಗಿಬಿಟ್ಟಾರೆ. ನಮ್ಮೋನು ಯಾರಾದ್ರೂ ಒಬ್ಬ ಬೀಳಬೇಕಲ್ಲ."

"ಬೀಳಾಕೇನು, ಬಿಡ್ರಿ," ಎಂದು ಕಂಬಳಿಯನ್ನು ನನ್ನ ಕೈಗಿಟ್ಟು ಇಳಿದ.

ಎದುರಾಳಿ ಇವನ ಎರಡರಷ್ಟಿದ್ದ. ಉಣ್ಣೆ ಕತ್ತರಿಸುವಾಗ ಟಗರನ್ನು ಹೇಗೆ ಮುಂಗಾಲು ಹಿಡಿದು, ತೊಡೆಗೆ ಮೊಣಕಾಲು ಕೊಟ್ಟು ಕುಂಡೆಯ ಮೇಲೆ ಕೂರಿಸುತ್ತಾರೋ, ಜುಂಜಪ್ಪ ಆ ಮನುಷ್ಯನನ್ನು ಹಾಗೇ ಕೂರಿಸಿದ. ಆಮೇಲೆ ಮೆಲ್ಲಗೆ ಮಲಗಿಸಿದ. ಕತ್ತರಿ ಇದ್ದಿದ್ದರೆ ಕೂದಲನ್ನೂ ತೆಗೆಯುತ್ತಿದ್ದನೇನೋ.

ಅಲ್ಲಿಗೆ ಅವನ ನೆಮ್ಮದಿ ಮುಗಿಯಿತು. ಗೆದ್ದ ಪೈಲ್ವಾನನಿಗೆ ಊರು ಹಾಲಿನ ಪಾಳಿ ಹಾಕುವುದು ನಮ್ಮಲ್ಲಿ ರೂಢಿ. ದಿನಕ್ಕೊಂದು ಮನೆಯಿಂದ ನಾಲ್ಕು ಸೇರು ಹಾಲು. ಪಾಳಿಯ ಮನೆಯವರು ಅವನು ಕುಡಿದು ಮುಗಿಸುವವರೆಗೆ ಎದುರಿಗೇ ಕೂರುತ್ತಿದ್ದರು. ಪಾಳಿ ಹಾಲು ಕುಡಿದವನು ಹೊರೆ ಹೊರಬಾರದು, ಮಳೆಯಲ್ಲಿ ನೆನೆಯಬಾರದು. ಜುಂಜಪ್ಪನಿಗೆ ಇನ್ನೊಂದು ಹೆಚ್ಚಿನ ಕಟ್ಟಳೆ: ಕುರಿ ಮುಟ್ಟಬಾರದು. ಉಣ್ಣೆಯ ಕಾವು ಕಸುವು ಹೀರುತ್ತದೆ ಎಂಬುದು ಅಂಜಿನಪ್ಪನ ಸಿದ್ಧಾಂತ.

"ನಮ್ಮ ಕೂಸಿಗೆ ನೀರು ಬೆರೆಸಿ ಕೊಟ್ಟು, ನಿಂಗೆ ಗಟ್ಟಿ ಹಾಲು ತಂದೀನಿ," ಎನ್ನುತ್ತಿದ್ದಳು ಸಾವಂತ್ರಮ್ಮ ತನ್ನ ಪಾಳಿಯ ದಿನ. "ಸೋತು ಬಂದೀಯ, ನೋಡು ಮತ್ತೆ."

ಆ ಮಾತಾದ ಮೇಲೆ ಹಾಲು ಯಾರ ಗಂಟಲಲ್ಲಿ ಇಳಿದೀತು? ಆದರೂ ಕುಡಿಯುತ್ತಿದ್ದ.

ಹೆಸರು ಕೆಟ್ಟೀತೆಂದು ಅಂಜಿನಪ್ಪ ಅವನನ್ನು ಸಣ್ಣಪುಟ್ಟ ಕುಸ್ತಿಗೆ ಬಿಡಲಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಚನ್ನಗಿರಿ ಕುಸ್ತಿಗೇ ಕಾಯಿಸಿದ. ನಾನು ಕರಪತ್ರದಲ್ಲಿ 'ಸೋಲನ್ನೇ ಕಾಣದ ಬಯಲುಸೀಮೆಯ ಸಿಂಹ' ಎಂದು ಬರೆದೆ. ಸಿಂಹ ಹಿಡಿದದ್ದು ಒಂದೇ ಕುಸ್ತಿ ಎಂಬುದನ್ನು ಜಾಗವಿಲ್ಲದ ಕಾರಣ ಬಿಟ್ಟೆ.

ಬೆಳಿಗ್ಗೆ ಗರಡಿಯ ಮುಂದೆ ಮಂದೆ ಹಾದುಹೋದರೆ ಸಿಂಹ ಬಾಗಿಲಿಗೆ ಬರುತ್ತಿತ್ತು. ಒಂದು ದಿನ ನನ್ನನ್ನು ಕೇಳಿದ:

"ಗೆದ್ರೆ ನನ್ನ ಕುರಿ ಕಾಯಾಕೆ ಬಿಡ್ತಾರೇನ್ರಿ?"

"ಗೆದ್ರೆ ಇನ್ನೂ ಎರಡು ವರ್ಷ ಹಾಲು."

"ಸೋತ್ರೆ?"

"ಸೋಲೋ ಮಾತು ಆಡಬ್ಯಾಡ ಮಾರಾಯ. ಕರಪತ್ರ ಅಚ್ಚಾಗೈತೆ."

೧೯೩೮ರ ಕುಸ್ತಿಗೆ ಎದುರಾದವನು ಗೋವಿನಕೋವಿಯ ರೇವಣ್ಣ, ನೇಗಿಲು ಹಿಡಿಯುವ ಬಡಕಲು ಹುಡುಗ. ಜುಂಜಪ್ಪ ಬೇಕೆಂದೇ ಸೋತನೆಂದು ಆಮೇಲೆ ಕೆಲವರು ಆಡಿಕೊಂಡರು. ಅದು ಸುಳ್ಳು. ಸಾವಂತ್ರಮ್ಮನ ಕೂಸನ್ನು ನೆನೆದು ಜೀವದ ಹಂಗು ಬಿಟ್ಟು ಹೋರಾಡಿದ. ಟಗರು ಕೂರಿಸುವ ಅದೇ ಹಳೆಯ ಪಟ್ಟು ಹಾಕಲು ಕೈ ಚಾಚಿದ. ಎರಡು ವರ್ಷ ಟಗರು ಮುಟ್ಟದ ಕೈಗೆ ಅದು ಸಿಕ್ಕಲಿಲ್ಲ. ನಾಲ್ಕು ಸೇರಿನ ಹೊಟ್ಟೆ ಬಗ್ಗಲೂ ಬಿಡಲಿಲ್ಲ. ರೇವಣ್ಣ ಪಕ್ಕಕ್ಕೆ ಸರಿದ. ಇವನ ಬೆನ್ನು ಮಣ್ಣಿಗೆ ತಾಗಿತು.

ಅಂಜಿನಪ್ಪ ಓಡಿಬಂದ. "ಪೆಟ್ಟಾತೇನೋ?"

ಜುಂಜಪ್ಪ ಮಲಗಿದಲ್ಲಿಂದಲೇ ಕೇಳಿದ: "ನಾಳೆ ಹಾಲಿಲ್ಲ, ಅಲ್ಲೇನ್ರಿ?"

"ಹಾಲಾ? ನಮ್ಮೂರಾಗೆ ನಿಂಗೆ ನೀರೂ ಇಲ್ಲ."

ಅವನು ಎದ್ದು ಮಣ್ಣು ಕೊಡವಿಕೊಂಡ. ಇಳಿಯುವಾಗ ಕೊಟ್ಟಿದ್ದ ಕಂಬಳಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಮಂದೆ ಇದ್ದ ಹೊನ್ನಾಳಿ ದಾರಿ ಹಿಡಿದ. ಸೋತವನ ನಡಿಗೆ ಅಷ್ಟು ಹಗುರಾಗಿರುವುದನ್ನು ನಾನು ಅದೇ ಮೊದಲು ನೋಡಿದ್ದು.

ಎರಡು ವರ್ಷದ ಮೇಲೆ ಗೋವಿನಕೋವಿಯವರು ನನಗೆ ಹೇಳಿಕಳಿಸಿದರು. ಅವರ ರೇವಣ್ಣನಿಗೆ ಕರಪತ್ರ ಬರೆಯಬೇಕಂತೆ. ಕರಪತ್ರ ಸುಳ್ಳಾಗಿ ಬಂದ ಕೆಟ್ಟ ಹೆಸರೂ ಹತ್ತು ಊರು ತಿರುಗುತ್ತದೆ ನೋಡಿ. ಹೋದೆ. ರೇವಣ್ಣನ ಹೊಲದಲ್ಲೇ ಜುಂಜಪ್ಪನ ಮಂದೆ ಬೀಡುಬಿಟ್ಟಿತ್ತು. ಜುಂಜಪ್ಪ ಬೆತ್ತದಂತೆ ತೆಳ್ಳಗಾಗಿದ್ದ. ಬದುವಿನ ಮೇಲೆ ರೇವಣ್ಣ ಕೂತಿದ್ದ, ಎರಡು ಆಳಿನ ಜಾಗದಲ್ಲಿ.

"ಇವರ ಊರಾಗೂ ಪಾಳಿ ಹಾಕ್ಯಾರೆ," ಎಂದ ಜುಂಜಪ್ಪ, ನಗದೆ.

"ನಿನ್ನ ನಾನು ಬಿಡಿಸಿದೆ. ನನ್ನ ಬಿಡಿಸೋರು ಯಾರು?" ಎಂದ ರೇವಣ್ಣ. "ನೇಗಿಲು ಮುಟ್ಟಾಕೆ ಬಿಡವಲ್ಲರು."

"ನೇಗಿಲು ಬ್ಯಾಡ ಅಂದಾರೆ, ಟಗರು ಬ್ಯಾಡ ಅಂದಿಲ್ಲಲ್ಲ. ದಿನಾ ಬಾ, ಉಣ್ಣೆ ಕತ್ತರಿಸಾಕೆ ನಾಕು ಟಗರು ಕೂರಿಸಿ ಕೊಡು. ಕುಡಿದ ಹಾಲು ಕರಗ್ತೈತೆ." ಆಮೇಲೆ ಜುಂಜಪ್ಪ ನನ್ನ ಕಡೆ ತಿರುಗಿದ. "ನೀವು ಏನು ಬರೀತೀರಿ ಇವನಿಗೆ?"

ಜೇಬಿನಲ್ಲಿ 'ಸೋಲನ್ನೇ ಕಾಣದ' ಎಂಬ ತಲೆಬರಹ ಸಿದ್ಧವಾಗಿತ್ತು. ನಾನು ಅದನ್ನು ಹೊರಗೆ ತೆಗೆಯಲಿಲ್ಲ.

'ಗೋವಿನಕೋವಿ ರೇವಣ್ಣ, ರೈತ, ಕುಸ್ತಿಯೂ ಆಡುತ್ತಾನೆ' ಎಂದಷ್ಟೇ ಬರೆದುಕೊಟ್ಟೆ. ಊರಿನ ಹಿರಿಯರು ಅದನ್ನು ಎರಡು ಸಲ ಓದಿ, ನನಗೆ ಊಟಕ್ಕೂ ಹೇಳದೆ ಕಳಿಸಿದರು.

ಜುಂಜಪ್ಪನ ಬೀಡಿನಲ್ಲಿ ಮುದ್ದೆ ಉಂಡೆ. ನಾವು ಉಣ್ಣುತ್ತಿದ್ದಾಗ ರೇವಣ್ಣ ಮೊದಲನೆಯ ಟಗರಿಗೆ ಕೈ ಹಾಕಿದ. ಟಗರೇ ಅವನನ್ನು ಕೂರಿಸಿತು.

"ಶುರುವಾತು," ಎಂದ ಜುಂಜಪ್ಪ, ತೃಪ್ತಿಯಿಂದ ಕೈ ತೊಳೆಯುತ್ತ.