ಮೇಸ್ತ್ರಿ ಭೂತಮ್ಮನ ಗಂಟಲು

ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ಭೂತಮ್ಮ ಎಸ್ಟೇಟಿನ ಸ್ಟೋರ್ ಮುಂದೆ ನಿಂತು ಆಳುಗಳ ಹೆಸರು ಕೂಗುತ್ತಿದ್ದಳು. ಕೂಗುತ್ತಿದ್ದಳು ಎನ್ನುವುದು ಅಷ್ಟು ಸರಿಯಲ್ಲ. ಬಾಯಿ ತೆರೆಯುತ್ತಿತ್ತು, ಗಾಳಿ ಬರುತ್ತಿತ್ತು. ಹನ್ನೊಂದನೆಯ ಹೆಸರಿಗೆ ಅದೂ ನಿಂತಿತು.

“ಏನ್ ಭೂತಮ್ಮಕ್ಕ, ಮೌನವ್ರತನಾ?” ಎಂದಳು ಕಾಫಿ ಹಣ್ಣು ಕುಯ್ಯುವ ಬಸಮ್ಮ. “ನೀನ್ ಬಾಯಿ ಮುಚ್ಚಿದ್ರೆ ತೋಟದ್ ಕೋತಿಗಳಿಗೂ ಬೇಜಾರಾಯ್ತದೆ ಕಣಕ್ಕ.”

ಎಲ್ಲರೂ ನಕ್ಕರು. ಭೂತಮ್ಮನೂ ನಕ್ಕಳು, ಆ ನಗುವಿಗೂ ಸದ್ದಿರಲಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ದೇವೇಂದ್ರ ಹಾಜರಿ ಪುಸ್ತಕ ಇಸಿದುಕೊಂಡು ಉಳಿದ ಹೆಸರುಗಳನ್ನು ತಾನೇ ಓದಿದ.

ಹೊಂಗಡಹಳ್ಳದ ಹತ್ತಿರದ ಆ ಎಸ್ಟೇಟಿನಲ್ಲಿ ಭೂತಮ್ಮ ಹದಿನೆಂಟು ವರ್ಷದಿಂದ ಹೆಣ್ಣಾಳುಗಳ ಮೇಸ್ತ್ರಿ. ಆನೆ ಹತ್ತಿರದಲ್ಲಿದೆ ಎಂಬ ಸುದ್ದಿ ಈಗ ಮೊಬೈಲಿಗೆ ಬರುತ್ತದೆ. ಆದರೆ ಕೆಳಗಿನ ಹಳ್ಳದ ಕಡೆ ಸಿಗ್ನಲ್ ಸಿಗುವುದಿಲ್ಲ. ಮೆಸೇಜು ನೋಡಿದ ಮೇಸ್ತ್ರಿ ಬಂಡೆಯ ಮೇಲೆ ನಿಂತು ‘ಕೂ’ ಹಾಕಬೇಕು. ಒಂದು ಕೂಗಿಗೆ ಊಟ. ಎರಡಕ್ಕೆ ಮೂಟೆ ಹೊರುವುದು. ಮೂರು ಸಲ ಕೂಗಿದರೆ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಮೇಲೆ ಬರುವುದು. ಇಷ್ಟು ವರ್ಷ ಆ ಇಳಿಜಾರಿನ ಉದ್ದಕ್ಕೂ ಇಳಿಯುತ್ತಿದ್ದದ್ದು ಅವಳೊಬ್ಬಳ ದನಿ.

ದೀಪಾವಳಿ ಮುಗಿದ ಮರುವಾರ, ಹಣ್ಣು ಕುಯ್ಯುವುದು ಶುರುವಾದಾಗ, ಗಂಟಲು ಕಟ್ಟಿತು. ಜೊತೆಗೆ ಬಂದ ನೆಗಡಿ ಹೋಯಿತು, ಗಂಟಲು ಬಿಡಲಿಲ್ಲ. ತೋಟದ್ದೇ ಕಾಳುಮೆಣಸು ಕುಟ್ಟಿ, ದಿನಕ್ಕೆ ನಾಲ್ಕು ಸಲ ಬರಿ ಹೊಟ್ಟೆಗೆ ಕಷಾಯ ಕುಡಿದಳು. ದನಿ ಉಳಿಸಿಕೊಳ್ಳಬೇಕೆಂದು ಮನೆಯಲ್ಲಿ ಪಿಸುಮಾತಿಗಿಳಿದಳು. ಆಳುಗಳ ಲೈನ್ ಮನೆಗಳಲ್ಲಿ ಯಾರಿಗೆ ಗಂಟಲು ಕಟ್ಟಿದರೂ ಮಾಡುತ್ತಿದ್ದದ್ದು ಇದನ್ನೇ.

ಆಸ್ಪತ್ರೆಯ ಮಾತೆತ್ತದೆ ಇದ್ದದ್ದಕ್ಕೆ ಕಾರಣ ಬೇರೆ. ಅವಳ ಅಣ್ಣ ಲಿಂಗಪ್ಪನಿಗೂ ಮೊದಲು ಹೀಗೇ ಗಂಟಲು ಕಟ್ಟಿತ್ತು. ಬೀಡಿ ಸೇದುತ್ತಾ, ನೆಗಡಿ ಎಂದುಕೊಂಡೇ ಎಂಟು ತಿಂಗಳು ಕಳೆದ. ಹೋಗಿ ತೋರಿಸುವ ಹೊತ್ತಿಗೆ ಕ್ಯಾನ್ಸರ್ ಕುತ್ತಿಗೆಗೆ ಹಬ್ಬಿತ್ತು, ಅವನು ಉಳಿಯಲಿಲ್ಲ. ಭೂತಮ್ಮ ಬಚ್ಚಲಿನಲ್ಲಿ ಕುತ್ತಿಗೆ ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದಳು. ಏನೂ ಸಿಗುತ್ತಿರಲಿಲ್ಲ. ಮರುದಿನ ಮತ್ತೆ ಒತ್ತುತ್ತಿದ್ದಳು.

ಹಾಜರಿ ಅರ್ಧಕ್ಕೆ ನಿಂತ ಸುದ್ದಿ ಬಸಮ್ಮನಿಂದ ಭೂತಮ್ಮನ ಸೊಸೆ ಚೈತ್ರಶ್ರೀಗೆ ತಲುಪಿತು. ಚೈತ್ರಶ್ರೀ ಆಶಾ ಕಾರ್ಯಕರ್ತೆ.

“ಅತ್ತೆ, ನಾನು ಬರೀ ನೆಗಡಿ ಅಂದ್ಕೊಂಡಿದ್ದೆ. ಎಷ್ಟ್ ವಾರ ಆಯ್ತು?”

ಭೂತಮ್ಮ ಐದು ಬೆರಳು ತೋರಿಸಿದಳು.

“ಮೂರು ವಾರ ದಾಟಿದ್ರೆ ಗಂಟಲು ತೋರಿಸ್ಲೇಬೇಕು ಅಂತ ನಾನು ಮನೆಮನೆಗೂ ಹೇಳ್ಕೊಂಡ್ ಬತ್ತೀನಿ. ನಮ್ಮನೇಲೇ ಹಿಂಗಾ?”

“ಹಣ್ಣು ಮುಗೀಲಿ ಕಣೆ,” ಎಂದು ಪಿಸುಗುಟ್ಟಿದಳು.

“ಹಣ್ಣೇನ್ ಓಡೋಯ್ತದಾ? ನಾಳೆ ಏಳೂಕಾಲಿನ ಬಸ್ಸಿಗೆ ಹೊರಡೋಣ.”

ಭೂತಮ್ಮನ ಕೈ ಕುತ್ತಿಗೆಗೆ ಹೋಯಿತು. “ನಮ್ಮಣ್ಣಂದೇ ಆಗಿದ್ರೆ?”

“ಆಗಿದ್ರೆ ಬೇಗ ಗೊತ್ತಾಗ್ಲಿ. ಅಲ್ದಿದ್ರೆ ಇನ್ನೂ ಬೇಗ ಗೊತ್ತಾಗ್ಲಿ ಅತ್ತೆ.”

ಹಾಸನದಲ್ಲಿ ಗಂಟಲಿನ ಡಾಕ್ಟರು ಸುಚಿತ್ರಾ ಮೂಗಿನ ಮೂಲಕ ಕ್ಯಾಮೆರಾ ಇರುವ ಸಣ್ಣ ನಳಿಗೆ ಇಳಿಸಿ, ಪರದೆಯನ್ನು ಅವಳ ಕಡೆಗೆ ತಿರುಗಿಸಿದರು. ದನಿ ಹೊರಡಿಸುವ ಎರಡು ಬಿಳಿ ಮಡಿಕೆಗಳು ತೆರೆದು ಮುಚ್ಚುತ್ತಿದ್ದವು. ಎರಡರ ಅಂಚಿನಲ್ಲೂ, ಎದುರುಬದುರಾಗಿ, ಒಂದೊಂದು ಚಿಕ್ಕ ಗಂಟು.

“ಅದೇನಾ?” ಎಂದಳು ಭೂತಮ್ಮ, ನಳಿಗೆ ಹೊರಗೆ ಬಂದ ಕೂಡಲೇ.

ಡಾಕ್ಟರಿಗೆ ಅರ್ಥವಾಯಿತು. “ಕ್ಯಾನ್ಸರ್ ಅಲ್ಲಮ್ಮ. ಎಲ್ಲಿ, ಅಂಗೈ ತೋರಿಸಿ. ಇಲ್ಲಿ ಜಡ್ಡುಗಟ್ಟಿದೆಯಲ್ಲ, ಕತ್ತಿ ಹಿಡಿದು ಹಿಡಿದು? ಕೂಗಿ ಕೂಗಿ ಗಂಟಲಲ್ಲೂ ಹೀಗೇ ಆಗಿದೆ. ಆಪರೇಷನ್ ಏನೂ ಬೇಡ. ಹೇಳಿದ ಹಾಗೆ ಕೇಳಿದರೆ ಕರಗುತ್ತೆ.”

ಭೂತಮ್ಮ ತನ್ನ ಅಂಗೈಯನ್ನೇ ನೋಡುತ್ತಾ ಕುಳಿತಳು. ಆ ಜಡ್ಡನ್ನು ಅಷ್ಟು ಪ್ರೀತಿಯಿಂದ ಅವಳು ಹಿಂದೆಂದೂ ನೋಡಿರಲಿಲ್ಲ. ಪಕ್ಕದಲ್ಲಿ ಚೈತ್ರಶ್ರೀ ಮೂಗು ಒರೆಸಿಕೊಳ್ಳುತ್ತಿದ್ದಳು.

“ಅಲ್ಲ ಡಾಕ್ಟ್ರೇ, ನಾನು ಪಿಸುಮಾತಲ್ಲೇ ಇದ್ನಲ್ಲ, ಗಂಟ್ಲಿಗೆ ರಜೆ ಅಂತ?”

“ಪಿಸುಗುಟ್ಟಿದರೆ ರಜೆ ಅಲ್ಲಮ್ಮ, ಓವರ್‌ಟೈಮ್. ಮಾತಾಡಿದರೆ ಮೆಲ್ಲಗೆ, ಸಹಜವಾದ ದನಿಯಲ್ಲಿ ಮಾತಾಡಿ. ಇಲ್ಲದಿದ್ದರೆ ಸುಮ್ಮನಿರಿ.”

ಉಳಿದದ್ದನ್ನು ಚೈತ್ರಶ್ರೀ ಬರೆದುಕೊಂಡಳು. ಬಾಯಾರುವ ಮೊದಲೇ ಗುಟುಕು ಗುಟುಕಾಗಿ ನೀರು ಕುಡಿಯಬೇಕು. ಹಬೆ ತೆಗೆದುಕೊಳ್ಳಬೇಕು. ಗಂಟಲು ಕೆರೆಯಬಾರದು, ಕೆರೆಯಬೇಕೆನಿಸಿದಾಗ ಒಂದು ಗುಟುಕು ನುಂಗಬೇಕು. ಖಾರದ ಕಷಾಯ ನಿಲ್ಲಿಸಬೇಕು, ಹೊಟ್ಟೆಯ ಹುಳಿ ಮೇಲೆ ಬಂದು ಗಂಟಲನ್ನು ಇನ್ನಷ್ಟು ಸುಡುತ್ತಿದೆ. ಹದಿನೈದು ದಿನಕ್ಕೊಮ್ಮೆ ದನಿಯ ಅಭ್ಯಾಸ ಕಲಿಸುವವರ ಬಳಿ ಬರಬೇಕು. ಕೂಗುವುದು ಪೂರ್ತಿ ಬಂದ್.

“ಮತ್ತೆ ಆನೆ ಬಂದ್ರೆ?” ಎಂದಳು ಭೂತಮ್ಮ.

“ಸೀಟಿ ಊದಿ.”

ಹದಿನೆಂಟು ವರ್ಷದಲ್ಲಿ ಇದು ಎಸ್ಟೇಟಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ದೇವೇಂದ್ರ ಸಕಲೇಶಪುರದಿಂದ ಡ್ರಿಲ್ ಮೇಷ್ಟ್ರ ಸೀಟಿಯೊಂದನ್ನು ತಂದುಕೊಟ್ಟ. ಹೆಸರು ಓದುವ ಕೆಲಸವೂ ಅವನ ಪಾಲಿಗೆ ಬಂತು. ಮೊದಲ ದಿನ ಹೆಂಗಸರು “ರೈಟ್ ರೈಟ್, ಕಂಡಕ್ಟ್ರಮ್ಮಾ!” ಎಂದು ಗೇಲಿ ಮಾಡಿದರು. ಮೂರನೆಯ ವಾರ ಒಂಟಿ ಸಲಗದ ಮೆಸೇಜು ಬಂದು ಮೂರು ಸೀಟಿ ಬಿದ್ದಾಗ ಯಾರೂ ಗೇಲಿ ಮಾಡಲಿಲ್ಲ. ಎಲ್ಲರೂ ಮೇಲೆ ಬಂದರು. ಬಸಮ್ಮ ಏದುಸಿರು ಬಿಡುತ್ತಾ, “ನಿನ್ ಗಂಟ್ಲಿಗಿಂತ ಇದೇ ವಾಸಿ ಕಣಕ್ಕ, ಬೈಯಲ್ಲ,” ಎಂದಳು.

ಹತ್ತು ವಾರದ ನಂತರ ಮತ್ತೆ ಹಾಸನ, ಮತ್ತೆ ಅದೇ ನಳಿಗೆ. ಒಂದು ಕಡೆಯ ಗಂಟು ಕಾಣಲೇ ಇಲ್ಲ, ಇನ್ನೊಂದು ಇದ್ದೂ ಇಲ್ಲದಂತಿತ್ತು.

“ಒಂದೇ ಉಸಿರಲ್ಲಿ ಎಷ್ಟಾಗುತ್ತೋ ಅಷ್ಟು ಎಣಿಸಿ ನೋಡೋಣ. ಜೋರು ಬೇಡ,” ಎಂದರು ಡಾಕ್ಟರು.

ಭೂತಮ್ಮ ಉಸಿರೆಳೆದುಕೊಂಡು ಒಂದರಿಂದ ಶುರುಮಾಡಿದಳು. ಹತ್ತು ದಾಟಿದಾಗ ದನಿ ಈಗ ಒಡೆಯುತ್ತದೆ ಎಂದು ಕಾದಳು. ಒಡೆಯಲಿಲ್ಲ. ಇಪ್ಪತ್ತಕ್ಕೆ ಚೈತ್ರಶ್ರೀ ಕುರ್ಚಿಯ ತುದಿಗೆ ಬಂದಿದ್ದಳು. ಭೂತಮ್ಮ ಅವಳ ಮೊಣಕೈ ಹಿಡಿದುಕೊಂಡು ಎಣಿಸುತ್ತಲೇ ಹೋದಳು. ಕೊನೆಯ ಗಾಳಿ ಮುಗಿಯುವಾಗ, ತಗ್ಗಿದ ದನಿಯಲ್ಲಿ, ಆದರೆ ಪಕ್ಕದ ಕೋಣೆಯವರಿಗೂ ತಿಳಿಯುವಷ್ಟು ಸ್ಪಷ್ಟವಾಗಿ ಹೇಳಿದಳು: “ಮೂವತ್ತೊಂದು.”